ವಾರ್ಡ್ ಕಚೇರಿಯಲ್ಲಿ ಅರ್ಧ ನಿಮಿಷ

ಕಳೆದ ಜೂನ್‌ನ ಒಂದು ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ ನಾನು ಟೋಕಿಯೊದ ನಮ್ಮ ವಾರ್ಡ್ ಕಚೇರಿಯ ಸಭಾಂಗಣದಲ್ಲಿ, ಹಿಂಬಾಗಿಲ ಪಕ್ಕ ನಿಂತಿದ್ದೆ. ಹೊಸ ರಸ್ತೆಗಾಗಿ ಕೆಡವಲಿರುವ ಮನೆಗಳ ಬಗ್ಗೆ ಸಭೆ. ನಮ್ಮ ಮನೆ ಪಕ್ಕದಲ್ಲಿ ಸೋಯಾ ಹಾಲಿನ ತೋಫು ಮಾರುವ ಅಂಗಡಿಯ ಮುದುಕರು ಮೋರಿ-ಸಾನ್ ಎದ್ದು, ಅಂಗಡಿ ಉಳಿಸಿಕೊಡಿ ಎಂದು ವಾರ್ಡ್ ಅಧಿಕಾರಿಯನ್ನು ಕೇಳಿಕೊಂಡರು. ಅಧಿಕಾರಿಯ ಜಪಾನಿ ಉತ್ತರವನ್ನು ನನ್ನ ಹೆಂಡತಿ ಶುಭಾ ಕನ್ನಡದಲ್ಲಿ ನನಗೆ ಪಿಸುಗುಟ್ಟಿದಳು: "ಈ ರೋಡು ಮೇಲಿರೋ ಮಹಾನಗರ ಸರ್ಕಾರದ್ದಂತೆ ರೀ. ವಾರ್ಡ್‌ಗೆ ಪವರೇ ಇಲ್ವಂತೆ."

"ಹಾಗಾದ್ರೆ ವಾರ್ಡ್ ಎಲೆಕ್ಷನ್‌ಗೆ ಇಷ್ಟು ವರ್ಷ ಓಟ್ ಯಾಕೆ ಹಾಕಿದೆ?" ಎಂದರು ಮೋರಿ-ಸಾನ್. ಕೆಲವರು ನಕ್ಕರು.

ಅಧಿಕಾರಿ 'ಸುಮಿಮಾಸೆನ್' ಎಂದು ಕ್ಷಮೆ ಕೇಳಿ ಸೊಂಟ ಬಗ್ಗಿಸಿದರು. ಮೋರಿ-ಸಾನ್ ಕೂಡ ಮುಂದಿನ ಕುರ್ಚಿ ಹಿಡಿದು ಬಗ್ಗಿದರು. ಇಲ್ಲಿಯ ರೂಢಿಯಂತೆ ಹಿರಿಯರು ತಲೆ ಎತ್ತುವ ಮೊದಲು ಕಿರಿಯರು ಎತ್ತುವಂತಿಲ್ಲ. ಅಧಿಕಾರಿ ಬಗ್ಗಿಕೊಂಡೇ ಕಾದರು, ನಾವೂ ಕಾದೆವು. ಅರ್ಧ ನಿಮಿಷದ ನಂತರ ಕುರ್ಚಿ ಜಾರಿ ಮೋರಿ-ಸಾನ್ ನೆಲಕ್ಕೆ ಬಿದ್ದರು. ಆಂಬುಲೆನ್ಸ್ ಬರುವಷ್ಟರಲ್ಲಿ ಉಸಿರಿರಲಿಲ್ಲ.

ಅವರು ತಲೆ ಎತ್ತದೇ ಇದ್ದದ್ದನ್ನು ಮರ್ಯಾದೆ ಎಂದುಕೊಂಡು ಸುಮ್ಮನೆ ನಿಂತಿದ್ದೆವಲ್ಲ ಎಂಬುದು ನನ್ನನ್ನು ಬಿಟ್ಟಿಲ್ಲ. ನನ್ನೊಡನೆ ಇದನ್ನು ಕಂಡವರಲ್ಲಿ ಶುಭಾ, ಆ ಅಧಿಕಾರಿ ಮಾತ್ರವಲ್ಲ, ಮೋರಿ-ಸಾನ್ ಪಕ್ಕದಲ್ಲೇ ಕುಳಿತಿದ್ದ ಅವರ ಪತ್ನಿಯೂ ಇದ್ದರು. ಆಕೆ ಇನ್ನೂ ಅದೇ ಅಂಗಡಿಯಲ್ಲಿದ್ದಾರೆ. ರಸ್ತೆ ಇನ್ನೂ ಬಂದಿಲ್ಲ.