ಚೌಡಯ್ಯ ಅಗೆಸಿದ ಏರಿ

ನಾಗಮಂಗಲದಿಂದ ಕೆ.ಆರ್. ಪೇಟೆಗೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ. ಚೌಡಯ್ಯನಿಗೆ ಒಂದೂವರೆ ದಿನ ಬೇಕಾಗುತ್ತಿತ್ತು. ಅವನು ಓಡಿಸುತ್ತಿದ್ದುದು ನಮ್ಮ ಇಲಾಖೆಯ ರೋಡ್ ರೋಲರ್. ಮುಂದೊಂದು, ಹಿಂದೆರಡು ಕಬ್ಬಿಣದ ಚಕ್ರ, ಹತ್ತು ಟನ್ ತೂಕ, ಹೊಗೆ ಕಾರುವ ಹಳೆಯ ಡೀಸೆಲ್ ಎಂಜಿನ್ನು. ದಾರಿಯಲ್ಲಿ ಹೋಗುವ ದನ ಕಾಯುವವರೂ ಅವನನ್ನು ಹಿಂದೆ ಹಾಕಿ, ತಿರುಗಿ ನೋಡಿ, "ಬಾ ಚೌಡಣ್ಣ, ನಿಧಾನಕ್ಕೆ ಬಾ, ನಾವು ಹೋಗಿ ಅಡ್ಗೆ ಮಾಡಿಸಿರ್ತೀವಿ" ಎಂದು ಛೇಡಿಸುತ್ತಿದ್ದರು. ಚೌಡಯ್ಯ ನಗುತ್ತಿದ್ದ. ಅವಸರ ಎಂಬುದು ಅವನ ಜಾತಕದಲ್ಲೇ ಬರೆದಿರಲಿಲ್ಲ.

ನಾನು ಆಗ ಅದೇ ಕಚೇರಿಯಲ್ಲಿ ವರ್ಕ್ ಇನ್‌ಸ್ಪೆಕ್ಟರ್. ಕೆಲಸ ನಡೆಯುವ ಜಾಗದಲ್ಲಿ ನಿಂತು, ಮಣ್ಣು ಎಷ್ಟು ಬೀಳುತ್ತಿದೆ, ನೀರು ಸಾಕಷ್ಟು ಹಾಕುತ್ತಿದ್ದಾರೆಯೇ, ನೆಲ ಗಟ್ಟಿಯಾಯಿತೇ ಎಂದು ನೋಡುವುದು ನನ್ನ ಉದ್ಯೋಗ. ನಿಜ ಹೇಳಬೇಕೆಂದರೆ ಆ ಉದ್ಯೋಗವನ್ನು ಚೌಡಯ್ಯ ಮಾಡುತ್ತಿದ್ದ, ಸಂಬಳ ನಾನು ತೆಗೆದುಕೊಳ್ಳುತ್ತಿದ್ದೆ. ಅವನು ಬಿಂಡಿಗನವಿಲೆಯವನು. ಇಲಾಖೆಗೆ ದಿನಗೂಲಿಯಾಗಿ ಸೇರಿ ಹದಿನೇಳು ವರ್ಷವಾಗಿತ್ತು. ಪಾಂಡವಪುರದ ಕಬ್ಬಿನ ಗಾಡಿ ಓಡಾಡುವ ರಸ್ತೆಗಳು, ಶ್ರೀರಂಗಪಟ್ಟಣದ ಕಡೆಯ ನಾಲೆಯ ದಂಡೆಗಳು, ಕರಿಘಟ್ಟದ ಬುಡದ ಮಣ್ಣು ದಾರಿ, ಎಲ್ಲದರ ಮೇಲೂ ಅವನ ಚಕ್ರ ಉರುಳಿತ್ತು. ಹಾಗಿದ್ದರೂ ಅವನು ಇಲಾಖೆಯ ನೌಕರನಲ್ಲ. ಒಂದು ದಿನ ಜ್ವರ ಬಂದು ಮಲಗಿದರೆ ಆ ದಿನದ ಕೂಲಿ ಇಲ್ಲ.

ಮಣ್ಣಿನ ವಿಷಯದಲ್ಲಿ ಅವನದು ಒಂದೇ ಹಟ. ಒಂದು ಗೇಣು ಮಣ್ಣು ಹರಡಬೇಕು, ನೀರು ಕುಡಿಸಬೇಕು. ಅವನು ಕೆಳಗಿಳಿದು ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಿ ಬಿಡುತ್ತಿದ್ದ. ಉಂಡೆ ಬಿರಿಯದೆ ನಿಂತರೆ ಹದ ಬಂದಿದೆ ಎಂದು ಅರ್ಥ. ಆಮೇಲೆ ರೋಲರ್ ಹತ್ತಿ ಹತ್ತು ಹನ್ನೆರಡು ಸಲ ಉರುಳಿಸುವುದು. ಅದಾದ ಮೇಲೆಯೇ ಮುಂದಿನ ಗೇಣು. ಒಂದೇ ಸಲಕ್ಕೆ ಎರಡು ಗೇಣು ಹಾಕಿದರೆ ಎಂಜಿನ್ ಆಫ್ ಮಾಡಿ ಬೀಡಿ ಹಚ್ಚಿ ಕೂತುಬಿಡುತ್ತಿದ್ದ. ಕಂಟ್ರಾಕ್ಟರುಗಳು ಕೂಗಾಡಿ ಸುಸ್ತಾಗಿ, ಕೊನೆಗೆ ಆಳುಗಳನ್ನು ಕರೆದು ಮಣ್ಣು ತೆಗೆಸುತ್ತಿದ್ದರು.

ಅಂಥ ಮನುಷ್ಯ ಒಂದೇ ಒಂದು ದಿನ ಬಾಯಿ ಮುಚ್ಚಿಕೊಂಡ. ಅದು ಅವನ ಹೆಂಡತಿಯ ತವರೂರಿನಲ್ಲಿ.

ಹೊಣಕೆರೆ ಹೋಬಳಿಯಲ್ಲಿ ಹುಣಸೆಕಟ್ಟೆ ಅಂತ ಒಂದು ಸಣ್ಣ ಊರು. ತೊಂಬತ್ತಾರರ ಚಿತ್ತಾ ಮಳೆಗೆ ಅಲ್ಲಿನ ಕೆರೆಯ ಏರಿ, ಗದ್ದೆಗೆ ನೀರು ಬಿಡುವ ತೂಬಿನ ಪಕ್ಕದಲ್ಲಿ ಒಡೆಯಿತು. ಏರಿಯ ಕೆಳಗಿನ ಕೇರಿಗೆ ನೀರು ನುಗ್ಗಿ ಆರು ಮನೆ ಬಿದ್ದವು, ಒಂದು ಎಳೆಗೂಸು ಹೋಯಿತು. ಮರುವರ್ಷ ಬೇಸಿಗೆಯಲ್ಲಿ ಏರಿ ಕಟ್ಟುವ ಕೆಲಸ ನಮ್ಮ ಪಾಲಿಗೆ ಬಂತು. ಚೌಡಯ್ಯನ ಹೆಂಡತಿ ಸಿದ್ದಲಿಂಗಮ್ಮ ಆ ಊರಿನ ಮಗಳು. ಅವಳ ತಾಯಿ ಪುಟ್ಟಗೌರಮ್ಮನ ಮನೆ ಏರಿಯ ಬುಡದಲ್ಲೇ, ತೂಬಿಗೆ ನೇರವಾಗಿ ಇತ್ತು; ಒಡೆದ ಸಲ ಹೇಗೋ ಉಳಿದುಕೊಂಡಿತ್ತು. ಅವಳ ತಮ್ಮ ಪುಟ್ಟರಾಜು ಊರಿನಲ್ಲಿ ನಾಲ್ಕು ಜನ ಕೇಳುವ ಮಾತಿನವನು. ಊರ ಅಳಿಯನೇ ರೋಲರ್ ತಂದಿದ್ದಾನೆಂದರೆ ಕೇಳಬೇಕೇ! ದಿನಕ್ಕೊಂದು ಮನೆಯಿಂದ ಬುತ್ತಿ, ವಾರಕ್ಕೊಮ್ಮೆ ಕೋಳಿ ಸಾರು. ಒಂದೂವರೆ ತಿಂಗಳು ಚೌಡಯ್ಯ ಗೇಣು ಗೇಣಾಗಿ ಏರಿ ಎಬ್ಬಿಸಿದ. ಕೊನೆಗೆ ತೂಬಿನ ಪಕ್ಕದ ಕಂಡಿಯೊಂದು ಉಳಿಯಿತು. ಇಪ್ಪತ್ತು ಹೆಜ್ಜೆ ಉದ್ದ, ಎದೆಮಟ್ಟ ಆಳ.

ಆ ಕಡೆ ಒಂದು ಪದ್ಧತಿಯುಂಟು. ಏರಿಯ ಕೊನೆಯ ಕಂಡಿಯನ್ನು ಊರವರೇ ಮುಚ್ಚಬೇಕು. ಒಳ್ಳೆಯ ಗಳಿಗೆ ನೋಡಿ, ಮನೆಗೊಂದು ಮಂಕರಿ ಮಣ್ಣು ತಂದು, ಅರಿಶಿನ ಕುಂಕುಮ ಹಾಕಿ ಸುರಿಯುತ್ತಾರೆ. ಮಂಕರಿ ಎಂಬುದು ಶಾಸ್ತ್ರಕ್ಕೆ. ಆ ವರ್ಷ ಹೊಟ್ಟೆಯುರಿದ ಊರು ಅದು. ಮನೆಗೊಂದು ಮಂಕರಿಯ ಹಿಂದೆ ಮನೆಗೊಂದು ಗಾಡಿ ಬಂತು, ಟ್ರಾಕ್ಟರು ಬಂದವು. ಬೆಳಿಗ್ಗೆ ಎಂಟಕ್ಕೆ ಶುರುವಾಯಿತು, ಹತ್ತು ಗಂಟೆಗೆಲ್ಲ ಕಂಡಿ ಅರ್ಧ ತುಂಬಿತ್ತು. ಒಣ ಮಣ್ಣು, ಹೊಲದ ಮಣ್ಣು, ಹಿತ್ತಲ ಮಣ್ಣು, ಎಲ್ಲ ಒಂದರ ಮೇಲೊಂದು.

ಚೌಡಯ್ಯ ಕೈ ಎತ್ತಿ, "ತಡೀರಿ, ಇಷ್ಟುಕ್ಕೆ ಒಂದ್ಸಲ ನೀರಾಕಿ ಉರುಳಿಸ್ಬುಡ್ತೀನಿ" ಎಂದ.

ಪುಟ್ಟರಾಜು ಓಡಿ ಬಂದು ಕೈ ಹಿಡಿದುಕೊಂಡ. "ಭಾವ, ಶಾಸ್ತ್ರ ನಡೀತಾ ಅದೆ, ಅಡ್ಡ ಬರ್ಬ್ಯಾಡಿ. ಇನ್ನೊಂದು ಗಂಟೇಲಿ ರಾವುಕಾಲ ಬಂದ್ಬುಡ್ತದೆ. ಮ್ಯಾಲೆ ಎಷ್ಟು ಸಲನಾದ್ರೂ ಉರುಳಿಸ್ಕೊಳಿ, ಯಾರು ಬ್ಯಾಡ ಅಂದೋರು?"

ಅಷ್ಟರಲ್ಲಿ ಪುಟ್ಟಗೌರಮ್ಮನೇ ಮಂಕರಿ ಹೊತ್ತು ಬಂದಳು. ಎಪ್ಪತ್ತು ದಾಟಿದ ಮುದುಕಿ, ತಲೆಯ ಮೇಲಿನ ಭಾರಕ್ಕೆ ಕತ್ತು ನಡುಗುತ್ತಿತ್ತು. ಅತ್ತೆ ಹೊತ್ತು ತಂದ ಮಣ್ಣನ್ನು ಅಳಿಯ ಬೇಡ ಅನ್ನುವುದುಂಟೇ? ಚೌಡಯ್ಯ ನನ್ನ ಕಡೆ ನೋಡಿದ. ಇನ್‌ಸ್ಪೆಕ್ಟರ್ ನಾನು. ನಿಲ್ಲಿಸಿ ಎನ್ನಲು ನನಗೆ ಒಂದು ಮಾತು ಸಾಕಿತ್ತು, ನನಗೇನು ಅತ್ತೆಯೂ ಇರಲಿಲ್ಲ, ಬಾಮೈದನೂ ಇರಲಿಲ್ಲ. ಹಲಸಿನ ಮರದ ಕೆಳಗೆ ನನಗಾಗಿ ಎಲೆ ಹಾಕಿದ್ದರು. ನಾನು ಎದ್ದು ಊಟಕ್ಕೆ ಹೋದೆ.

ಅವನ ಕೊರಳಿಗೆ ಹಾರ ಹಾಕಿದರು. ಅವನು ರೋಲರ್ ಹತ್ತಿ ಆ ಇಪ್ಪತ್ತು ಹೆಜ್ಜೆಯ ಮೇಲೆ ಸಂಜೆಯವರೆಗೂ ಓಡಾಡಿದ. ಮೇಲ್ಮೈ ಕಲ್ಲಾಯಿತು. ಹಾರೆ ಎತ್ತಿ ಹಾಕಿದರೆ ಠಣ್ ಎನ್ನುತ್ತಿತ್ತು. ಎಲ್ಲರೂ ಖುಷಿಯಾಗಿ ಮನೆಗೆ ಹೋದರು.

ಯುಗಾದಿ ಕಳೆದು ಎಂಟು ದಿನಕ್ಕೆ ಕಚೇರಿಗೆ ಒಂದು ಪಟ್ಟಿ ಬಂತು. ಬಹಳ ವರ್ಷ ದಿನಗೂಲಿ ಮಾಡಿದವರಲ್ಲಿ ನಾಲ್ವರನ್ನು ಪರ್ಮನೆಂಟ್ ಮಾಡುವುದಕ್ಕೆ ಶಿಫಾರಸು ಕಳಿಸಬೇಕಿತ್ತು. ಚೌಡಯ್ಯನದೇ ಮೊದಲ ಹೆಸರು. ನಾನೇ ಅವನಿಗೆ ಹೇಳಿಕಳಿಸಿದೆ. ಸಿಹಿ ತರುತ್ತಾನೆ ಎಂದುಕೊಂಡಿದ್ದೆ. ಅವನು ಬರಿಗೈಯಲ್ಲಿ ಬಂದು ನನ್ನ ಮೇಜಿನ ಮುಂದೆ ನಿಂತ.

"ಸಾ, ಹುಣಸೆಕಟ್ಟೆ ಏರಿ ಅಗೆಸ್ಬೇಕು."

"ತಲೆ ಕೆಟ್ಟಿದೆಯೇನಯ್ಯಾ?" ಎಂದೆ.

"ಮ್ಯಾಲೆ ಒಂದು ಗೇಣು ಗಟ್ಟಿ ಅದೆ. ಕೆಳ್ಗೆ ಎದೆಮಟ್ಟ ಸಡ್ಲ. ಕೆರೆ ತುಂಬಿದ್ರೆ ನೀರು ಅಲ್ಲೇ ದಾರಿ ಮಾಡ್ಕತ್ತದೆ. ಈ ಸಲ ಅತ್ತೆ ಮನೇನೂ ಉಳಿಯಾಕಿಲ್ಲ ಸಾ. ನೀವೂ ನೋಡಿದ್ರಲ್ಲ."

ನೋಡಿದ್ದೆ. ಅದಕ್ಕೇ ನನಗೆ ಸಿಟ್ಟು ಬಂತು. ಆರ್ಡರ್ ಕೈಗೆ ಬರುವವರೆಗಾದರೂ ಸುಮ್ಮನಿರು ಎಂದು ಗದರಿದೆ. ಅವನ ಮನೆಯಲ್ಲೂ ಅದೇ ಮಾತು. ನಾಗಮಂಗಲದ ಅವರ ಬಾಡಿಗೆ ಮನೆಗೆ ಆ ಸಂಜೆ ನಾನೇ ಹೋಗಿದ್ದೆ, ಸಿದ್ದಲಿಂಗಮ್ಮ ಅವನ ಬುದ್ಧಿ ತಿದ್ದಲಿ ಎಂದು. ಅವಳು ಅಳುತ್ತಿದ್ದಳು. "ಅದಿನೇಳು ವರ್ಸ ಕಾದಿವ್ನಿ. ಇನ್ನೆರಡು ತಿಂಗ್ಳು ಬಾಯ್ ಮುಚ್ಕೊಂಡಿರಕ್ಕೆ ಏನು ನಿಂಗೆ?"

"ಕೆಲ್ಸ ಮುಗೀತು ಅಂತ ನಾಳಿದ್ದು ಸೈನ್ ಮಾಡ್ತಾರೆ. ರೋಲರ್ ಕೆ.ಆರ್. ಪೇಟೆಗೆ ಕಳಿಸ್ತಾರೆ. ಆಮ್ಯಾಕೆ ಯಾರ್ ಅಗೆಸ್ತಾರೆ ಸಿದ್ದಿ? ಮಳೆ ನನ್ನ ಆರ್ಡ್ರಿಗೆ ಕಾಯ್ತದಾ?" ಎಂದ ಚೌಡಯ್ಯ. ಅವನ ಧ್ವನಿಯಲ್ಲಿ ಜಗಳವಿರಲಿಲ್ಲ. ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು.

ನಮ್ಮ ಎಂಜಿನಿಯರ್ ರಘುನಂದನ್ ಕೆಟ್ಟ ಮನುಷ್ಯನಲ್ಲ, ಕಾಗದದ ಮನುಷ್ಯ. ಚೌಡಯ್ಯ ಹೇಳಿದ್ದನ್ನೆಲ್ಲ ಕೇಳಿ, "ಮುಗಿದ ಕೆಲಸ ಬಿಚ್ಚಬೇಕಾದರೆ ಕಾರಣ ಬರೆಯಬೇಕು. ಯಾರ ತಪ್ಪು ಅಂತ ಬರೆಯಲಿ?" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಗೋಡೆಯ ಗಡಿಯಾರ ನೋಡುತ್ತಿದ್ದೆ.

"ನಂದೇ ಅಂತ ಬರ್ಕೊಳಿ ಸಾ. ಉರುಳಿಸ್ದೋನು ನಾನು" ಎಂದ ಚೌಡಯ್ಯ.

ಬರೆದುಕೊಂಡರು. ಅವನು ಸಹಿ ಹಾಕಿದ.

ಏರಿ ಅಗೆಯಲು ಹೋದ ದಿನ ಊರಿಗೆ ಊರೇ ತಿರುಗಿಬಿತ್ತು. ಗಳಿಗೆ ನೋಡಿ ಪೂಜೆ ಮಾಡಿ ಹಾಕಿದ ಮಣ್ಣನ್ನು ತೆಗೆಯುವುದು ಅವರಿಗೆ ಅಪಶಕುನ. ಪುಟ್ಟರಾಜು ಎಲ್ಲರ ಮುಂದೆ, "ನಾವು ಹೊತ್ತಾಕಿದ ಮಣ್ಣು ಇವ್ರಿಗೆ ಕಸ ಆಗೋಯ್ತು ಕಣ್ಲಾ. ಇನ್ಮ್ಯಾಕೆ ಈ ಭಾವನೂ ಬ್ಯಾಡ, ಆ ಅಕ್ಕನೂ ಬ್ಯಾಡ" ಎಂದುಬಿಟ್ಟ.

ಮೇಲಿನ ಗೇಣು ಬಿಡಿಸಲು ಪಿಕಾಸಿಯೇ ಬೇಕಾಯಿತು. ಅದರ ಕೆಳಗೆ ಕೈ ಹಾಕಿದರೆ ರಾಗಿ ಹಿಟ್ಟಿನೊಳಗೆ ಹೋದಂತೆ ಮೊಣಕೈವರೆಗೆ ಹೋಯಿತು. ಒಬ್ಬೊಬ್ಬರು ಸುರಿದ ಮಂಕರಿ ಮಣ್ಣೂ ಸುರಿದ ಹಾಗೆಯೇ ಬೇರೆ ಬೇರೆ ಗುಪ್ಪೆಯಾಗಿತ್ತು, ಅರಿಶಿನ ಕೂಡ ಮಾಸಿರಲಿಲ್ಲ. ಜನ ಒಬ್ಬರ ಹಿಂದೊಬ್ಬರು ಬಗ್ಗಿ ನೋಡಿದರು. ಪುಟ್ಟರಾಜು ಮಾತ್ರ, "ನೀರು ನಿಂತಿದ್ರೆ ತಾನೇ ಕೂತ್ಕಳ್ತಿತ್ತು" ಎಂದು ಹೊರಟುಹೋದ.

ಮೊದಲಿದ್ದ ಇಳಿಜಾರು ಹೋಗಿ ಕಂಡಿ ಈಗ ಕಡಿದಾದ ಅಂಚಿನ ಕಿರಿದಾದ ಹೊಂಡ. ರೋಲರ್ ಒಳಗೆ ಇಳಿಯುವಂತಿರಲಿಲ್ಲ. ಚೌಡಯ್ಯ ಬಿಂಡಿಗನವಿಲೆಗೆ ಹೋಗಿ ತನ್ನ ದೊಡ್ಡಪ್ಪನ ಮಗನ ಕುರಿಮಂದೆ ಹೊಡೆದುಕೊಂಡು ಬಂದ, ಇನ್ನೂರು ಕುರಿ. ರೋಲರ್ ಇಲ್ಲದ ಕಾಲದಲ್ಲಿ ಅವನ ಅಪ್ಪ, ತಾತ ಏರಿ ಗಟ್ಟಿ ಮಾಡುತ್ತಿದ್ದುದು ಹೀಗೆ. ಒಂದು ಗೇಣು ಮಣ್ಣು ಹಾಕಿ, ನೀರು ಕುಡಿಸಿ, ಆ ಮಂದೆಯನ್ನು ಹೊಂಡದೊಳಗೆ ಹಿಂದಕ್ಕೂ ಮುಂದಕ್ಕೂ ಓಡಾಡಿಸುವುದು. ಕುರಿಯ ಸಣ್ಣ ಗೊರಸು ಆಳಕ್ಕೆ ಇಳಿದು ಅಡಿಯಿಂದ ಗಟ್ಟಿ ಮಾಡುತ್ತ ಬರುತ್ತದೆ. ತೂಬಿನ ಕಲ್ಲಿನ ಪಕ್ಕ, ಕುರಿಯೂ ನಿಲ್ಲದ ಕಡೆ, ಚೌಡಯ್ಯನೂ ಸಿದ್ದಲಿಂಗಮ್ಮನೂ ಮರದ ದಮ್ಮಸು ಹಿಡಿದು ಬಡಿದರು. ಹೌದು, ಸಿದ್ದಲಿಂಗಮ್ಮ ಬಂದಿದ್ದಳು. ಗಂಡನ ಜೊತೆ ಮಾತು ಬಿಟ್ಟಿದ್ದಳು, ಆದರೂ ಬಂದಿದ್ದಳು. ಹನ್ನೊಂದು ದಿನ ಅಳುತ್ತಲೇ ಬಡಿದಳು. ಎದುರಿಗೇ ತವರುಮನೆ. ಒಂದು ಚೊಂಬು ನೀರು ಕೂಡ ಅಲ್ಲಿಂದ ಬರಲಿಲ್ಲ.

ಪಟ್ಟಿಯಲ್ಲಿ ಮೂವರು ಪರ್ಮನೆಂಟ್ ಆದರು. ಕೆಲಸ ಕೆಡಿಸಿದವನು ಎಂದು ಚೌಡಯ್ಯನಿಗೆ ದಿನಗೂಲಿಯೂ ತಪ್ಪಿತು. ರೋಲರಿನ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೋದ. ಪಾಂಡವಪುರದ ಹತ್ತಿರದ ಒಂದು ಆಲೆಮನೆಯಲ್ಲಿ ಒಲೆಗೆ ಸೋಗೆ ತುಂಬುವ ಕೆಲಸ ಹಿಡಿದ. ಗೌರಿ ಹಬ್ಬಕ್ಕೆ ಸಿದ್ದಲಿಂಗಮ್ಮನಿಗೆ ತವರಿನಿಂದ ಬಾಗಿನ ಬರಲಿಲ್ಲ. ಆ ವರ್ಷವೂ ಇಲ್ಲ, ಮುಂದಿನ ಎರಡು ವರ್ಷವೂ ಇಲ್ಲ. ನನಗೆ ಆ ಮಧ್ಯೆ ಒಂದು ಬಡ್ತಿ ಸಿಕ್ಕಿತು. ನಾಚಿಕೆಯಿಲ್ಲದೆ ತೆಗೆದುಕೊಂಡೆ.

ತೊಂಬತ್ತೊಂಬತ್ತರಲ್ಲಿ ಹಿಂಗಾರು ಬಿಡದೆ ಸುರಿದು ಹುಣಸೆಕಟ್ಟೆ ಕೆರೆ ತುಂಬಿ ಕೋಡಿ ಬಿತ್ತು. ಐದನೆಯ ದಿನ ನಾನು ಏರಿ ನೋಡಲು ಹೊರಟಾಗ ಚೌಡಯ್ಯನನ್ನೂ ಸಿದ್ದಲಿಂಗಮ್ಮನನ್ನೂ ಜೀಪಿನಲ್ಲಿ ಕರೆದುಕೊಂಡು ಹೋದೆ. ಅವರಾಗಿ ಬರುವವರಲ್ಲ, ನಾನೇ ಹಟ ಮಾಡಿದೆ. ಊರವರು ಕೆರೆಗೆ ಪೂಜೆ ಮಾಡುತ್ತಿದ್ದರು. ಚೌಡಯ್ಯ ನೀರಿನ ಕಡೆ ನೋಡಲೇ ಇಲ್ಲ. ನೇರವಾಗಿ ಏರಿಯ ಹೊರಮೈಗೆ ಇಳಿದು, ತೂಬಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹುಲ್ಲು ಸರಿಸಿ ಸರಿಸಿ ಮುಟ್ಟಿ ನೋಡಿದ. ಮೇಲಿನ ಮಳೆಯ ತೇವ ಬಿಟ್ಟರೆ ಒಳಗಿನಿಂದ ಒಂದು ಹನಿ ಜಿನುಗಿರಲಿಲ್ಲ. ಅವನು ಮುಖ ಮುಚ್ಚಿಕೊಂಡು ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೇಲೆ ನಿಂತಿದ್ದ ಪುಟ್ಟರಾಜು ಪಕ್ಕದವರಿಗೆ, ನಮಗೂ ಕೇಳುವ ಹಾಗೆ, "ನೋಡ್ರಪ್ಪ, ಏರಿ ಎಂಗ್ ನಿಂತದೆ. ಆವತ್ತು ಸುಮ್‌ಸುಮ್ನೆ ಅಗೆಸಿ ಊರ್ ಮಾನ ತೆಗೆದ್ರು" ಎಂದ.

ಒಡೆಯದೆ ನಿಂತ ಏರಿಯನ್ನು ತೋರಿಸಿ, ಒಡೆಯುತ್ತಿತ್ತು ಎಂದು ಯಾರು ತಾನೇ ರುಜುವಾತು ಮಾಡಬಲ್ಲರು? ಚೌಡಯ್ಯ ತಲೆ ಎತ್ತಲಿಲ್ಲ. ಸಿದ್ದಲಿಂಗಮ್ಮ ಏರಿ ಹತ್ತಿ ತಮ್ಮನ ಎದುರಿಗೆ ಹೋಗಿ ನಿಂತಳು.

"ಪುಟ್ಟ, ಒಂದ್ ಮಾತ್ ಕೇಳ್ತೀನಿ. ಏರಿ ಒಡೆದ್ ವರ್ಸ, ಮಳೆ ಜೋರಾಗ್ತಿದ್ದಂಗೆ ನೀನೇ ಅವ್ವನ್ನ ಎತ್ಕೊಂಡು ಮ್ಯಾಲ್ಕೇರಿಗೆ ಓಡಿದ್ದೆ. ಈಗ ಐದ್ ದಿಸದಿಂದ ಕೋಡಿ ಬೀಳ್ತಾ ಅದೆ. ಅವ್ವ ಎಲ್ಲವ್ಳೆ?"

ಪುಟ್ಟರಾಜು ಕೆಳಗೆ ನೋಡಿದ. ಪುಟ್ಟಗೌರಮ್ಮ ಏರಿಯ ಬುಡದ ತನ್ನ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಇಷ್ಟ್ ನೀರು ತಲೆ ಮ್ಯಾಲ್ ಇಟ್ಕೊಂಡು ಅವ್ವನ್ನ ಅಲ್ಲೇ ಬುಟ್ಟಿದ್ದೀಯಲ್ಲ, ಯಾರ್ ಮಾಡಿದ್ ಏರಿ ನಂಬ್ಕೊಂಡು ಬುಟ್ಟೆ? ನಾವು ಅಗೆಯಕ್ ಮುಂಚೆ ಇದ್ದುದ್ನೊ, ಆಮ್ಯಾಕೆ ಕಟ್ಟಿದ್ದುನ್ನೊ?"

ಪುಟ್ಟರಾಜು ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು ಚೌಡಯ್ಯನ ಹತ್ತಿರ ಇಳಿದು ಹೋಗಿ, "ಎದ್ದೇಳಿ ಭಾವ, ಮನೆಗ್ ಓಗನ" ಎಂದ.

ನಾನು ಆಗಲಾದರೂ ಬಾಯಿ ಬಿಟ್ಟೆ. ಆವತ್ತು ನಿಲ್ಲಿಸಬೇಕಾಗಿದ್ದವನು ನಾನು, ಊಟಕ್ಕೆ ಎದ್ದು ಹೋದವನು ನಾನು, ತಪ್ಪು ಯಾರದು ಎಂದು ಎಂಜಿನಿಯರು ಕೇಳಿದಾಗ ಸುಮ್ಮನೆ ನಿಂತವನೂ ನಾನೇ ಎಂದು ಅಷ್ಟು ಜನರ ಮುಂದೆ ಹೇಳಿದೆ. ನಾಳೆಯೇ ಕಚೇರಿಗೆ ಬರೆದುಕೊಡುತ್ತೇನೆ ಎಂದೂ ಹೇಳಿದೆ.

ಚೌಡಯ್ಯ ಎದ್ದು ಪಂಚೆಯ ಮಣ್ಣು ಕೊಡವಿಕೊಂಡ. ಒಲೆಯ ಮುಂದೆ ಬೆಂದು ಕಪ್ಪಾಗಿದ್ದ ಅವನ ಮುಖದಲ್ಲಿ ನನ್ನ ಮೇಲೆ ಒಂದಿಷ್ಟೂ ಕೋಪ ಇರಲಿಲ್ಲ.

"ಈಗ್ಯಾಕ್ ಬುಡಿ ಸಾ. ನಂಗೂ ಐವತ್ತೆಂಟಾಯ್ತು, ಪರ್ಮನೆಂಟ್ ಆಗಿದ್ರೂ ಈಗ ರಿಟೈರ್ ಆಗೋ ವಯ್ಸು" ಎಂದ.

ಅವನು ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.