ಗಜಾಯದ ಕೋಣೆ

ನಗರಸಭೆ ಮಂಜೂರು ಮಾಡಿದ್ದ ನಕ್ಷೆಯಲ್ಲಿ ನಮ್ಮ ಹಿತ್ತಿಲ ಕೋಣೆ ಹತ್ತಡಿ ಉದ್ದ, ಹತ್ತಡಿ ಅಗಲ ಇತ್ತು. ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರ ಎರಕದ ವಿಭಾಗದಿಂದ ಆಗಷ್ಟೇ ನಿವೃತ್ತರಾಗಿದ್ದರು. ಮಳೆಗಾಲಕ್ಕೆ ಮುಂಚೆ ಕ್ವಾರ್ಟರ್ಸ್ ಬಿಟ್ಟುಕೊಡಬೇಕಿತ್ತು. ಅಪ್ಪ, ಅಮ್ಮ ನಮ್ಮ ಜೊತೆಗೇ ಇರಲಿ ಎಂದು ನಾನು ಮತ್ತು ನನ್ನ ಗಂಡ ಗೋಪಾಳ ಬಡಾವಣೆಯ ನಮ್ಮ ಮನೆಗೆ ಈ ಕೋಣೆ ಸೇರಿಸಲು ಹೊರಟಿದ್ದೆವು.

ಸುಣ್ಣದ ಗೆರೆ ಎಳೆದ ದಿನ ಇಬ್ಬರೂ ಬಸ್ಸಿನಲ್ಲಿ ಬಂದು ನೋಡಿದರು. ಅಮ್ಮ ಗೆರೆಯ ಸುತ್ತ ಒಂದು ಸಲ ನಡೆದು, "ಆಯ ನೋಡ್ಸಿದೀರಾ?" ಎಂದರು. ಉದ್ದ ಅಗಲ ಗುಣಿಸಿ, ಭಾಗಿಸಿ, ಉಳಿದ ಶೇಷದಿಂದ ಒಳ್ಳೆಯದು ಕೆಟ್ಟದ್ದು ಹೇಳುವ ಲೆಕ್ಕ ಅದು. ನಾನು ಬಿ.ಎಸ್ಸಿ.ಯಲ್ಲಿ ಗಣಿತ ಓದಿದವಳಾದರೂ ಆ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಮೇಸ್ತ್ರಿ ಇಟ್ಟಿಗೆಯ ಮೇಲೆ ಗೀಚಿ ನೋಡಿ ತಲೆ ಕೆರೆದುಕೊಂಡ.

"ಶ್ವಾನಾಯ ಬರ್ತದಮ್ಮ. ನಾಯಿ."

"ನಾಯಿ ಆದ್ರೆ ಒಳ್ಳೇದೇ ಅಲ್ವೇನೆ ಮಾರಾಯ್ತಿ, ಮನೆ ಕಾಯ್ತದೆ," ಎಂದರು ಅಪ್ಪ.

"ನೀವು ಸುಮ್ನಿರಿ. ಇಷ್ಟು ವರ್ಷ ಯಾರೋ ಅಳೆದ ಕ್ವಾರ್ಟರ್ಸಲ್ಲಿ ಸಂಸಾರ ಮಾಡ್ದೆ. ಇದೊಂದು ಕೋಣೆ ನನ್ನ ಅಳತೇದು ಆಗ್ಲಿ."

ಅಮ್ಮ ಅದುವರೆಗೆ ನನ್ನ ಹತ್ತಿರ ಏನನ್ನೂ ಕೇಳಿದವರಲ್ಲ. ಮೇಸ್ತ್ರಿ ಮತ್ತೆ ಗೀಚಿದ. ಹನ್ನೊಂದಡಿ ಅಗಲ, ಹದಿಮೂರಡಿ ಉದ್ದ ಆದರೆ ಗಜಾಯ, ಆನೆ. ಪಕ್ಕಕ್ಕೆ ಒಂದಡಿ, ಹಿಂದಕ್ಕೆ ಮೂರಡಿ ಸರಿದರೆ ಸಾಕು.

"ಮೂರಡಿಗೆ ಯಾರಕ್ಕ ಟೇಪ್ ಹಿಡ್ಕೊಂಡು ಬರ್ತಾರೆ? ನಾಳೆನೇ ಪಾಯ ತೋಡ್ತೀನಿ," ಎಂದ.

ಅಪ್ಪನೂ ಹೂಂ ಅಂದರು. ನಾನು ಒಪ್ಪಲಿಲ್ಲ. ಧೈರ್ಯವೇನಲ್ಲ, ಕಾಗದಪತ್ರದ ಭಯ ಅಷ್ಟೆ. ನಕ್ಷೆಯನ್ನು ಮತ್ತೆ ಬರೆಸಿ ಅರ್ಜಿ ಕೊಟ್ಟೆ. ಕೆಲಸ ನಿಂತಿತು. ಅಪ್ಪ ಭದ್ರಾವತಿಯಿಂದ ಫೋನ್ ಮಾಡಿದಾಗಲೆಲ್ಲ, "ಏನಮ್ಮ, ಆನೆಗೆ ಪರ್ಮಿಷನ್ ಬಂತಾ?" ಎಂದು ಕೇಳುತ್ತಿದ್ದರು.

ಎರಡು ವಾರಕ್ಕೆ ನಗರಸಭೆಯ ಇಂಜಿನಿಯರ್ ಸ್ಥಳ ನೋಡಲು ಬಂದರು. ಅವತ್ತು ಅಪ್ಪನೂ ಬೆಳಗಿನ ಬಸ್ಸಿಗೇ ಬಂದಿದ್ದರು. ಇಂಜಿನಿಯರ್ ಕಾಂಪೌಂಡಿನವರೆಗೆ ಟೇಪ್ ಹಿಡಿದು, ಜಾಗ ಸಾಕು ಎಂದರು. ಆಮೇಲೆ ಹೊಸ ಗೆರೆಯ ಮೂಲೆಯಲ್ಲಿ ನಿಂತು ಕೆಳಗೆ ನೋಡಿದರು. ಸುತ್ತ ಎಲ್ಲ ಒಣಗಿದ್ದರೂ ಅಲ್ಲಿ ಮಾತ್ರ ಗರಿಕೆ ಹಸಿರಾಗಿತ್ತು.

"ಇಲ್ಲೊಂದು ಗುಂಡಿ ತೋಡಿ. ಮಣ್ಣು ನೋಡ್ಬೇಕು."

ಅಪ್ಪ ಮೇಸ್ತ್ರಿಯ ಕೈಯಿಂದ ಹಾರೆ ಇಸಿದುಕೊಂಡರು. ಎರಕದ ಬಿಡಿಭಾಗಗಳನ್ನು ತಟ್ಟಿ, ಸದ್ದು ಕೇಳಿಯೇ ಒಳಗಿನ ಬಿರುಕು ಹೇಳುತ್ತಿದ್ದವರು ಅವರು. ಕಾರ್ಖಾನೆಯಲ್ಲಿ ಯಾವಾಗಲೂ ಎರಡು ಏಟು: ಒಂದು ಕೇಳುವುದಕ್ಕೆ, ಇನ್ನೊಂದು ಖಾತ್ರಿಗೆ. ಮೊದಲನೇ ಏಟಿಗೇ, "ಒಳಗೆ ಟೊಳ್ಳಿದೆ," ಎಂದರು. ಸರಿಯಾಗಿಯೇ ಹೇಳಿದ್ದರು. ಆದರೆ ನಿಂತಿದ್ದು ಆ ಟೊಳ್ಳಿನ ಮೇಲೆ, ಮತ್ತು ಕೈ ರೂಢಿಯಂತೆ ಎರಡನೇ ಏಟನ್ನೂ ಹಾಕಿತು.

ಹಾರೆ ಮಾಯವಾಯಿತು. ಅಪ್ಪ ಸೊಂಟದವರೆಗೆ ನೆಲದೊಳಗೆ ಹೋದರು. ಆಮೇಲೆ, ಬಹಳ ಆಮೇಲೆ ಎಂದು ನನಗೆ ಈಗಲೂ ಅನ್ನಿಸುತ್ತದೆ, ಕೆಳಗೆ ನೀರಿನ ಸದ್ದು ಕೇಳಿಸಿತು. ಇಂಜಿನಿಯರ್ ಒಂದು ತೋಳು, ಮೇಸ್ತ್ರಿ ಇನ್ನೊಂದು ತೋಳು ಹಿಡಿದು ಎಳೆದರು. ನಾನು ಹಿಂಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದುಕೊಂಡೇ ನಿಂತಿದ್ದೆ. ಒಂದು ತೊಟ್ಟೂ ಚೆಲ್ಲಿರಲಿಲ್ಲ. ಅಪ್ಪ ಕುಸಿಯುತ್ತಿರುವಾಗ ನಾನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ ಎನ್ನುವುದಕ್ಕೆ ಆ ತುಂಬಿದ ಲೋಟಗಳೇ ಸಾಕ್ಷಿ.

ಬಡಾವಣೆ ಆಗುವ ಮುಂಚೆ ಅಲ್ಲಿ ಗದ್ದೆಗಳಿದ್ದವಂತೆ. ಯಾವ ಕಾಲದಲ್ಲೋ ಗದ್ದೆಯ ಬಾವಿಯೊಂದಕ್ಕೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಎಳೆದಿದ್ದರು. ಅಮ್ಮ ಗೆರೆಯ ಸುತ್ತ ನಡೆದದ್ದು ಅದರ ಅಂಚಿನಲ್ಲೇ.

ಅಪ್ಪನ ಮೊಣಕಾಲು ತರಚಿತ್ತು, ಅಷ್ಟೇ. ಜಗಲಿಯಲ್ಲಿ ಕೂತು ಅದೇ ಕಾಫಿ ಕುಡಿದರು. "ಪರ್ಮಿಷನ್ ಕೊಡ್ತೀವಿ ಯಜಮಾನ್ರೆ, ಆದ್ರೆ ಹಿಂದಕ್ಕಲ್ಲ," ಎಂದರು ಇಂಜಿನಿಯರ್. ಬಾವಿಗೆ ಕಲ್ಲು, ಮರಳು ತುಂಬಿಸಬೇಕು. ಕೋಣೆಯನ್ನು ಅಡ್ಡ ತಿರುಗಿಸಬೇಕು. ಉದ್ದ ಮನೆಯ ಗೋಡೆಯಗುಂಟ ಬರಬೇಕು. ಮೂರನೇ ನಕ್ಷೆ ಬರೆಸಿದೆ. ಅದಕ್ಕೆ ಮೊಹರು ಬಿದ್ದ ಮೇಲೂ ಅಮ್ಮನಿಗೆ ಒಂದು ಅನುಮಾನ ಉಳಿದಿತ್ತು.

"ತಿರುಗ್ಸಿದ್ರೆ ಆಯ ಕೆಡಲ್ವೇನಪ್ಪ?"

"ಆನೆ ಅಡ್ಡ ನಿಂತ್ರೂ ಆನೇನೇ ಅಮ್ಮ," ಎಂದ ಮೇಸ್ತ್ರಿ.

ಮೊದಲ ಮಳೆಗೆ ಮುಂಚೆ ಅವರು ಬಂದರು. ಅಮ್ಮ ಮಂಚವನ್ನು ಯಾವ ಗೋಡೆಗೆ ಹಾಕಬೇಕೆಂದು ಮೂರು ದಿನ ಯೋಚಿಸಿದರು. ಜಾಗ ಇದ್ದದ್ದರಿಂದ ಯೋಚಿಸುವುದೇ ಅವರಿಗೆ ಸುಖವಾಗಿತ್ತು. ಅಪ್ಪ ಸಂಜೆ ಹಿತ್ತಿಲಲ್ಲಿ ಅಡ್ಡಾಡುತ್ತಾರೆ. ಬಾವಿ ತುಂಬಿದೆ, ಮೇಲೆ ಕಾಂಕ್ರೀಟ್ ಇದೆ, ನಾನೇ ನಿಂತು ಹಾಕಿಸಿದ್ದು. ಆದರೂ ಅವರು ಆ ಮೂಲೆಯ ಹತ್ತಿರ ಹೋದ ಕೂಡಲೇ ನನ್ನ ಬಾಯಿಂದ, "ಅಪ್ಪ, ಕಾಫಿ," ಎಂದು ಬಂದುಬಿಡುತ್ತದೆ.

"ಈಗಷ್ಟೇ ಕುಡಿದ್ರಲ್ಲೇ," ಎನ್ನುತ್ತಾರೆ ಅಮ್ಮ, ತಮ್ಮ ಕೋಣೆಯ ಕಿಟಕಿಯಿಂದ.

ಅಪ್ಪ ಏನೂ ಕೇಳದೆ ಒಳಗೆ ಬರುತ್ತಾರೆ, ಕುಡಿಯುತ್ತಾರೆ.