ಅಂದ್ರೇನಕ್ಕ ಮತ್ತು ಐದು ಗುರುತುಗಳು

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಜನರೇಟರ್ ಕೋಣೆಗೆ ಅಂಟಿಕೊಂಡಂತೆ ಒಂದು ಬಾಗಿಲಿದೆ. ಮೇಲಿನ ಫಲಕದಲ್ಲಿ ‘ಸಂಶೋಧನಾ ದತ್ತಾಂಶ ಭಂಡಾರ’ ಎಂದು ಬರೆದಿದೆ. ಭಂಡಾರ ಅಂದಮೇಲೆ ಏನೋ ಇರಬೇಕು ಎಂದು ಒಳಗೆ ಇಣುಕಿದವರಿಗೆ ಕಾಣುವುದು ಎರಡು ಮೇಜು, ಮೂರು ಕುರ್ಚಿ, ಗಾಜಿನ ಗೋಡೆಯಾಚೆ ಗುಂಯ್‌ಗುಡುವ ಯಂತ್ರಗಳ ಕಪಾಟು. ಎ.ಸಿ. ಇರುವುದು ಯಂತ್ರಗಳಿಗೆ. ಮನುಷ್ಯರಿಗೆ ಶಾಲು. ಆ ಶಾಲು ಹೊದ್ದು ಇಪ್ಪತ್ತೆರಡು ವರ್ಷ ಅಲ್ಲಿ ಕೂತವರನ್ನು ನಾವು ‘ಅಂದ್ರೇನಕ್ಕ’ ಎನ್ನುತ್ತಿದ್ದೆವು. ಮೊದಮೊದಲು ಬೆನ್ನ ಹಿಂದೆ, ಆಮೇಲಾಮೇಲೆ ಎದುರಿಗೇ.

ಸಂಶೋಧಕರು ವರ್ಷಗಟ್ಟಲೆ ಅಳೆದು, ಎಣಿಸಿ, ಮನೆಮನೆ ತಿರುಗಿ ಕೂಡಿಹಾಕಿದ ಲೆಕ್ಕಗಳನ್ನು ತಂದುಕೊಡಬೇಕು; ಅಕ್ಕ ಅದನ್ನು ಮುಂದೆ ಬೇರೆಯವರೂ ಬಳಸುವ ಹಾಗೆ ಒಪ್ಪ ಮಾಡಿ, ವಿವರಣೆ ಬರೆಸಿ, ಜೋಪಾನವಾಗಿಡಬೇಕು. ಇಷ್ಟೇ ಕೆಲಸ. ಆದರೆ ತರುವವರೆಲ್ಲ ದೊಡ್ಡ ಮನುಷ್ಯರು. ಭೂವಿಜ್ಞಾನ ವಿಭಾಗದ ಮುಖ್ಯಸ್ಥರು ಒಮ್ಮೆ ತಮ್ಮ ಜೀವಮಾನದ ಸಾಧನೆಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಹೊಸ ಮದುಮಗನ ಗತ್ತಿನಲ್ಲಿ ಇಳಿದು ಬಂದರು. ಅದರೊಳಗೆ ‘ಕೊನೆಯದು’, ‘ಕೊನೆಯದು ಎರಡು’, ‘ನಿಜವಾದ ಕೊನೆಯದು’, ‘ಇದನ್ನೇ ನೋಡಿ’ ಎಂಬ ನಾಲ್ಕು ಫೈಲುಗಳಿದ್ದವು. ನಾಲ್ಕರಲ್ಲೂ ಬೇರೆ ಬೇರೆ ಅಂಕಿ. ಅಕ್ಕ ಕನ್ನಡಕ ಏರಿಸಿಕೊಂಡು ಮೂರನೇ ಕಾಲಮ್ಮಿನ ಮೇಲೆ ಬೆರಳಿಟ್ಟು ಕೇಳಿದರಂತೆ: “ಸಾರ್, ಇದು ಅಂದ್ರೇನು?” ಮುಖ್ಯಸ್ಥರು, ನೋಡಿ ಹೇಳ್ತೀನಿ ಎಂದು ಹೋದವರು ಎಂಟು ತಿಂಗಳು ಆ ಮೆಟ್ಟಿಲು ಇಳಿಯಲಿಲ್ಲ.

ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗೂ ಇಲ್ಲ. ನಾನೂ ಒಂದು ಕಾಲದಲ್ಲಿ ಜನರ ಓದುವ ಅಭ್ಯಾಸದ ಬಗ್ಗೆ ಘನವಾದ ಸಮೀಕ್ಷೆ ನಡೆಸಿ, ಅದನ್ನು ಹೊತ್ತುಕೊಂಡು ಹೋದವನೇ. ನೂರಕ್ಕೆ ಎಂಬತ್ತು ಜನರ ಉತ್ತರ ‘ಇತರೆ’ ಎಂಬ ಕಾಲಮ್ಮಿನಲ್ಲಿತ್ತು. ಇತರೆ ಅಂದ್ರೇನು ಎಂದು ಅಕ್ಕ ಕೇಳಿದಾಗ ನನಗೆ ಮೊದಲ ಬಾರಿಗೆ ನನ್ನ ವಿದ್ವತ್ತಿನ ಸರಿಯಾದ ಅಳತೆ ಸಿಕ್ಕಿತು.

ಅವರ ಹತ್ತಿರ ಒಂದು ಖಾಯಂ ಮಾತಿತ್ತು. “ನಾಳೆ ನೀವಿಲ್ಲ ಅಂದ್ಕೊಳ್ಳಿ. ಈ ಕಾಲಂ ಏನು ಅಂತ ನಾನು ಯಾರನ್ನ ಕೇಳಲಿ?” ಒಬ್ಬ ಹಿರಿಯ ಪ್ರಾಧ್ಯಾಪಕರು ಇದನ್ನು ಕೇಳಿ ಸೀದಾ ರಕ್ತದೊತ್ತಡ ಪರೀಕ್ಷೆಗೆ ಹೋದರು. ವಿವರಣೆ ಬರೆದುಕೊಡದವರಿಗೆ ಅಕ್ಕನಿಂದ ಒಂದು ವಿನಯದ ಪತ್ರ ಬರುತ್ತಿತ್ತು, ತಿಂಗಳ ಮೇಲೆ ಅಷ್ಟು ವಿನಯವಿಲ್ಲದ ಇನ್ನೊಂದು. ಮೂರನೆಯದನ್ನು ಅವರು ಬರೆಯುತ್ತಿರಲಿಲ್ಲ. ಊಟದ ಡಬ್ಬಿ ಸಮೇತ ತಾವೇ ಬಂದು ಎದುರು ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಆಮೇಲೆ ಎಂಥ ವಿದ್ವಾಂಸನೂ ಬರೆದುಕೊಡುತ್ತಿದ್ದ.

ಹೀಗೆ ಊರವರನ್ನೆಲ್ಲ ಬೆನ್ನು ಹತ್ತಿದ ಅಕ್ಕ ಒಬ್ಬರನ್ನು ಮಾತ್ರ ಬಿಟ್ಟಿದ್ದರು. ಅವರ ಸ್ವಂತ ಅಣ್ಣ.

ಅಣ್ಣ ಅದೇ ಭೂವಿಜ್ಞಾನ ವಿಭಾಗದಲ್ಲಿ ಕ್ಷೇತ್ರ ಸಹಾಯಕ. ಪ್ರಾಧ್ಯಾಪಕರು ಕುರ್ಚಿಯಲ್ಲಿ ಕೂತು ಅಂತರ್ಜಲದ ಬಗ್ಗೆ ಚಿಂತಿಸುವಾಗ, ಹೋಗಿ ಬಾವಿಗೆ ಟೇಪು ಇಳಿಬಿಡುವವರು. ಪ್ರತಿ ತಿಂಗಳ ಮೊದಲ ವಾರ ಸೈಕಲ್ಲಿನಲ್ಲಿ, ಮೊಣಕಾಲು ಕೇಳದಾದ ಮೇಲೆ ಸ್ಕೂಟರಿನಲ್ಲಿ, ನಗರದ ಸುತ್ತಲಿನ ನಲವತ್ತೆರಡು ಬಾವಿಗಳಿಗೆ ಹೋಗಿ, ತುದಿಗೆ ಸೀಸದ ಗುಂಡು ಕಟ್ಟಿದ ಟೇಪು ಬಿಟ್ಟು ನೀರು ಎಷ್ಟು ಆಳದಲ್ಲಿದೆ ಎಂದು ಬರೆದುಕೊಳ್ಳುತ್ತಿದ್ದರು. ಮೂವತ್ತೊಂದು ವರ್ಷ. ಒಂದು ತಿಂಗಳೂ ತಪ್ಪಿಸಲಿಲ್ಲ. ತಮ್ಮ ಮದುವೆಯ ತಿಂಗಳಲ್ಲೂ ಹೋಗಿದ್ದರೆಂದು ಅತ್ತಿಗೆ ಇವತ್ತಿಗೂ ಆಡಿಕೊಳ್ಳುತ್ತಾರೆ.

ಅಣ್ಣ ನಿವೃತ್ತರಾದ ವರ್ಷ, ಭಾನುವಾರಗಳಂದು ಕೂತು ಅಕ್ಕ ಆ ನೋಟ್‌ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ಹದಿನೈದು ಸಾವಿರದ ಆರುನೂರು ಚಿಲ್ಲರೆ ಸಾಲು. ತಾರೀಖು, ಬಾವಿಯ ನಂಬರು, ಆಳ, ಹೊತ್ತು. ಎಲ್ಲ ಸ್ಫಟಿಕದಷ್ಟು ಸ್ಪಷ್ಟ. ಕೊನೆಯ ಕಾಲಮ್ಮಿನಲ್ಲಿ ಮಾತ್ರ ಒಂದು ಗುರುತು. ಚುಕ್ಕಿ, ಸೊನ್ನೆ, ಗೀಟು, ಎರಡು ಗೀಟು, ಇಂಟು. ಈ ಐದರಲ್ಲಿ ಒಂದು. ಎಲ್ಲ ಸಾಲಿಗೂ ಇತ್ತು. ಅಕ್ಕ ಅಲ್ಲಿಂದಲೇ ಕೂಗಿ ಕೇಳಿದರು. ಅಣ್ಣ ಜಗಲಿಯಲ್ಲಿ ಚಪ್ಪಲಿಯ ಕಿತ್ತ ಪಟ್ಟಿಗೆ ಮೊಳೆ ಹೊಡೆಯುತ್ತಿದ್ದರು.

“ನಾಳೆ ಕೂತು ಬರೆದುಕೊಡ್ತೀನಿ ಬಿಡೇ. ನಾನೆಲ್ಲಿ ಓಡಿಹೋಗ್ತೀನಿ?”

ಅದೂ ನಿಜವೇ. ಒಂದೇ ಮನೆ, ಒಂದೇ ಊಟದ ಮೇಜು. ಮನೆಯಲ್ಲೇ ಇರುವ ಅಣ್ಣನಿಗೆ ಯಾರಾದರೂ ಪತ್ರ ಬರೆಯುತ್ತಾರೆಯೇ? ಕೇಳಿದರಾಯಿತು ಎಂದು ನಾಲ್ಕು ವರ್ಷ ಹೋಯಿತು. ಒಂದು ದಿನ ಬೆಳಿಗ್ಗೆ ಹಲ್ಲುಜ್ಜಲು ಹೋದ ಅಣ್ಣ ಬಚ್ಚಲಿನಲ್ಲಿ ಕುಸಿದು ಬಿದ್ದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ಹೋಯಿತು.

ಪೂರ್ತಿ ಹೋಗಲಿಲ್ಲ. ಹೀಗಾದವರಿಗೆ ಕೆಲವೊಮ್ಮೆ ಒಂದೇ ಒಂದು ಮಾತು ಉಳಿದುಕೊಳ್ಳುತ್ತದೆ, ತಲೆಯೊಳಗೆ ತಿಳಿವಳಿಕೆ ಎಲ್ಲ ಇರುತ್ತದೆ, ಬಾಗಿಲು ಮಾತ್ರ ತೆಗೆಯಲು ಬರುವುದಿಲ್ಲ ಎಂದು ವೈದ್ಯರು ವಿವರಿಸಿದರು. ಅಣ್ಣನಿಗೆ ಉಳಿದ ಮಾತು ‘ನಾಳೆ’. ನೀರು ಬೇಕಾದರೂ ನಾಳೆ, ಬೇಡವಾದರೂ ನಾಳೆ, ನೋಡಲು ಬಂದವರು ಹೊರಟಾಗಲೂ ನಾಳೆ. ನೋಡಲು ಹೋದ ನನ್ನ ಹತ್ತಿರ ಅಕ್ಕ ಹೇಳಿದರು: “ಒಂದು ಒಳ್ಳೆ ಬೈಗುಳ ಆದ್ರೂ ಉಳೀಬಾರದಿತ್ತಾ. ಅದು ಎಲ್ಲಾ ಕಡೆಗೂ ಆಗ್ತಿತ್ತು.” ನಕ್ಕರು. ಆಮೇಲೆ ಶಾಲಿನ ತುದಿಯಿಂದ ಕನ್ನಡಕ ಒರೆಸಿದರು, ತುಂಬ ಹೊತ್ತು.

ಈ ಹೊತ್ತಿಗೆ ಮುಖ್ಯಸ್ಥರಿಗೆ ಅಣ್ಣನ ಬಾವಿಗಳ ನೆನಪಾಯಿತು. ಮೂವತ್ತೊಂದು ವರ್ಷದ ಬಾವಿ ಲೆಕ್ಕ ಎಲ್ಲೂ ಇಲ್ಲ, ನಮ್ಮ ವಿಭಾಗದ್ದೇ ಸಾಧನೆ, ಜಗತ್ತಿಗೇ ಹಂಚಬೇಕು ಎಂದು ಓಡಾಡಿದರು. ‘ನಮ್ಮ’ ಎನ್ನುವಾಗ ಅವರ ಕೈ ತಂತಾನೇ ಎದೆಯ ಮೇಲೆ ಹೋಗುತ್ತಿತ್ತು. ಆದರೆ ಅಕ್ಕನ ಕೋಣೆಗೆ ಅರ್ಥವಿಲ್ಲದ ಕಾಲಂ ಒಳಗೆ ಬರುವ ಹಾಗಿಲ್ಲ. ಆ ನಿಯಮ ಮಾಡಿದವರೂ ಅಕ್ಕನೇ. ಈ ಕಾಲಂ ಸುಮ್ಮನೆ ಬಿಡುವಂಥದ್ದೂ ಅಲ್ಲ. ಆಗಷ್ಟೇ ನೀರು ಸೇದಿದ ಬಾವಿಯಲ್ಲಿ ಮಟ್ಟ ಕೆಳಗಿರುತ್ತದೆ. ಆ ಅಳತೆಯನ್ನು ಸೇದದ ಬಾವಿಯ ಜೊತೆ ಸೇರಿಸಿದರೆ ಇಡೀ ಲೆಕ್ಕ ಕೆಡುತ್ತದೆ. ಯಾವ ಅಳತೆ ನಂಬಬೇಕು, ಯಾವುದು ಬಿಡಬೇಕು ಎಂಬುದು ಆ ಐದು ಗುರುತಿನಲ್ಲೇ ಇರಬೇಕೆಂದು ಎಲ್ಲರ ಊಹೆ. ಊಹೆ ಮಾತ್ರ.

ಮುಖ್ಯಸ್ಥರು ಮೆಟ್ಟಿಲಿಳಿದು ಬಂದರು. ನಾನೂ ಆಗ ನನ್ನ ‘ಇತರೆ’ಯ ವಿಚಾರವಾಗಿ ಅಲ್ಲೇ ಕೂತಿದ್ದೆ.

“ಏನಮ್ಮಾ, ಸೊನ್ನೆ ಅಂದ್ರೆ ಸೇದಿಲ್ಲ, ಇಂಟು ಅಂದ್ರೆ ಸೇದಿದಾರೆ. ಅಷ್ಟೇ ತಾನೆ? ಬರೆದು ಹಾಕಿಬಿಡಿ.”

“ನಿಮಗೆ ಯಾರು ಹೇಳಿದ್ರು ಸಾರ್?”

“ಇದಕ್ಕೆ ಯಾರಾದ್ರೂ ಹೇಳ್ಬೇಕಾ? ಸಾಮಾನ್ಯ ಜ್ಞಾನ.”

“ಸರಿ. ಎರಡು ಗೀಟು ಅಂದ್ರೇನು?”

ಮುಖ್ಯಸ್ಥರು ಚಾವಣಿ ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ. ಬಿಡಿಯಮ್ಮ, ಯಾರು ಬಂದು ಕೇಳ್ತಾರೆ ಎಂದರು. ಅಕ್ಕ ಮೆಲ್ಲಗೆ, “ನಾನು ಕೇಳ್ತೀನಲ್ಲ ಸಾರ್,” ಎಂದರು.

ಅಕ್ಕ ಅಣ್ಣನನ್ನೇ ಕೇಳಲು ಶುರುಮಾಡಿದರು. ತಲೆಯೊಳಗೆ ಎಲ್ಲ ಇದೆ ಎಂದು ವೈದ್ಯರು ಹೇಳಿದ್ದರಲ್ಲ. ಐದು ರಟ್ಟಿನ ತುಂಡುಗಳ ಮೇಲೆ ಐದು ಗುರುತು ಬರೆದು ಮಂಚದ ಮೇಲೆ ಹರಡಿದರು. ಹೌದು ಎಂದರೆ ತಲೆ ಹೀಗೆ, ಇಲ್ಲ ಎಂದರೆ ಹೀಗೆ. ಸೊನ್ನೆ ಅಂದರೆ ನೀರು ಸೇದಿರಲಿಲ್ಲವಾ ಅಣ್ಣ? ಅಣ್ಣ ಹೌದೆಂದು ತಲೆಯಾಡಿಸಿದರು. ಅಕ್ಕನಿಗೆ ಆ ಸಂಜೆ ಊಟ ರುಚಿಸಿತು. ಆದರೆ ಅವರು ಅಂದ್ರೇನಕ್ಕ. ಒಂದೇ ಸಲದ ಉತ್ತರವನ್ನು ಜನ್ಮದಲ್ಲಿ ನಂಬಿದವರಲ್ಲ. ಮರುದಿನ ಅದೇ ಪ್ರಶ್ನೆ ಕೇಳಿದರು. ಅಣ್ಣ ಇಲ್ಲವೆಂದರು. ಮೂರನೇ ದಿನ ಹೌದು, ನಾಲ್ಕನೇ ದಿನ ಮತ್ತೆ ಇಲ್ಲ. ಹನ್ನೆರಡು ದಿನ ಕೇಳಿ, ಎಲ್ಲ ಬರೆದಿಟ್ಟು ನೋಡಿದರೆ ಹೌದು ಆರು, ಇಲ್ಲ ಆರು. ಹೌದು-ಇಲ್ಲಗಳೂ ಆ ಬಾಗಿಲಿನ ಹಿಂದೆಯೇ ಸಿಕ್ಕಿಕೊಂಡಿದ್ದವು.

ಹದಿಮೂರನೇ ದಿನವೂ ಅಕ್ಕ ರಟ್ಟಿನ ತುಂಡು ಹಿಡಿದು ಕೂತರು. ಆವತ್ತು ಅಣ್ಣ ತಲೆಯಾಡಿಸಲಿಲ್ಲ. ಬಾಯಿ ತೆರೆದು, ಕತ್ತಿನ ನರ ಬಿಗಿದು, ಏನನ್ನೋ ಹೊರಗೆ ತಳ್ಳಲು ಹೆಣಗಿದರು. ಕೊನೆಗೆ “ನಾಳೆ” ಎಂದರು. ಅದಲ್ಲ ಎಂದು ಅವರಿಗೂ ಗೊತ್ತಿತ್ತು. ಎಡಗೈಯಿಂದ ಮಂಚಕ್ಕೆ ಗುದ್ದಿ ಮತ್ತೆ “ನಾಳೆ, ನಾಳೆ” ಎಂದು ಅಳಲು ಶುರುಮಾಡಿದರು. ಮೂವತ್ತೊಂದು ವರ್ಷ ಬಿಸಿಲಲ್ಲಿ ತಿರುಗಿದ ಮನುಷ್ಯ ಅತ್ತದ್ದನ್ನು ಮನೆಯವರು ಅದೇ ಮೊದಲು ನೋಡಿದ್ದು.

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು ಒಂದೊಂದೇ ರಟ್ಟಿನ ತುಂಡು ಎತ್ತಿಕೊಂಡರು.

“ಸಾಕು ಮಾಡೇ. ಅವರೇನು ನಿನ್ನ ಫೈಲಾ?”

ಅಕ್ಕ ತಮ್ಮ ಕೈಲಿದ್ದ ತುಂಡನ್ನೂ ಕೊಟ್ಟುಬಿಟ್ಟರು.

“ಮಾತಾಡ್ತಿದ್ದಾಗ ಯಾಕೆ ಕೇಳಲಿಲ್ಲ? ಊರಲ್ಲಿರೋರ ಎದುರೆಲ್ಲ ಡಬ್ಬಿ ಹಿಡ್ಕೊಂಡು ಹೋಗಿ ಕೂತೆ. ಇವರೆದುರಿಗೆ ದಿನಾ ಕೂತು ಉಂಡ್ಯಲ್ಲ.”

ಅತ್ತಿಗೆ ಜಗಳಕ್ಕೆ ಆಡಿದ ಮಾತಲ್ಲ ಅದು. ಹೇಳಿ ಮುಗಿಸಿ ಅವರೂ ಮಂಚದ ಇನ್ನೊಂದು ತುದಿಯಲ್ಲಿ ಕೂತು ಗಂಡನ ಕಾಲು ಒತ್ತಿದರು. ಆಮೇಲೆ ಅಕ್ಕ ಒಂದು ದಿನವೂ ಅಣ್ಣನನ್ನು ಕೇಳಲಿಲ್ಲ.

ಸಂಬಂಧಿಕರ ದತ್ತಾಂಶ ಸೇರಿಸುವಾಗ ಇನ್ನೊಬ್ಬರು ಓದಿ ಸಹಿ ಹಾಕಬೇಕೆಂಬುದು ಅಕ್ಕನ ಇನ್ನೊಂದು ನಿಯಮ. ಮುಖ್ಯಸ್ಥರನ್ನು ಕೇಳುವ ಹಾಗಿರಲಿಲ್ಲ, ಅವರು ಓದದೆಯೇ ಹಾಕಿಬಿಡುತ್ತಿದ್ದರು. ನನ್ನನ್ನು ಕರೆದರು. ಎರಡು ಪುಟದ ವಿವರಣೆ. ಟೇಪಿನ ಉದ್ದ, ಸೀಸದ ಗುಂಡಿನ ತೂಕ, ಬಾವಿಯಿಂದ ಬಾವಿಗೆ ಹೋದ ದಾರಿ ಎಲ್ಲ ಇತ್ತು. ಕೊನೆಯ ಕಾಲಮ್ಮಿನ ಎದುರು ಹೀಗಿತ್ತು: ‘ಐದು ಗುರುತುಗಳು. ಅರ್ಥ ತಿಳಿದಿಲ್ಲ. ಅಳತೆ ಮಾಡಿದವರಿಗೆ ತಿಳಿದಿದೆ, ಹೇಳಲು ಆಗುತ್ತಿಲ್ಲ. ಹೇಳಲು ಆಗುತ್ತಿದ್ದಾಗ ಭಂಡಾರದವರು ಒಮ್ಮೆ ಮಾತ್ರ ಕೇಳಿದರು.’

ಅದರ ಕೆಳಗೆ ಒಂದು ಹಾಳೆಯ ಚಿತ್ರ ಸೇರಿಸಿದ್ದರು. ಅದೇನೆಂದು ಅಕ್ಕ ಹೇಳಿದರು. ನನ್ನನ್ನು ಕರೆಯುವ ಮೊದಲು ಅವರು ಈ ವಿವರಣೆಯನ್ನು ಅಣ್ಣನಿಗೆ ಓದಿ ಹೇಳಿದ್ದರು. ಪ್ರಶ್ನೆ ಕೇಳಲಿಲ್ಲ, ಬರೀ ಓದಿದರು. ಅಣ್ಣ ಎಡಗೈ ಚಾಚಿದರು. ಅಕ್ಕ ಪೆನ್ಸಿಲು ಕೊಟ್ಟರು. ಅಣ್ಣ ಹಾಳೆಯ ಹಿಂಬದಿಯಲ್ಲಿ, ಒಂದರ ಕೆಳಗೆ ಒಂದರಂತೆ, ಚುಕ್ಕಿ, ಸೊನ್ನೆ, ಗೀಟು, ಎರಡು ಗೀಟು, ಇಂಟು ಬರೆದರು. ಎಡಗೈ ಆದ್ದರಿಂದ ಸೊನ್ನೆ ಕೊಂಚ ಓರೆಯಾಗಿತ್ತು. ಪ್ರತಿಯೊಂದರ ಮುಂದೆಯೂ, ಅರ್ಥ ಬರೆಯುವವರು ಇಡುವ ಹಾಗೆ, ಮೇಲೊಂದು ಕೆಳಗೊಂದು ಚುಕ್ಕಿ ಇಟ್ಟು, ಅದರ ಮುಂದೆ ಏನೋ ಬರೆಯಬೇಕಾದಷ್ಟು ಜಾಗ ಬಿಟ್ಟಿದ್ದರು. ಬರೆದು ಮುಗಿಸಿ, ಎಲ್ಲ ಹೇಳಿಯಾಯಿತು ಎಂಬಂತೆ ನೆಮ್ಮದಿಯಿಂದ ತಂಗಿಯ ಮುಖ ನೋಡಿದರಂತೆ.

“ನೀವೇನಂದ್ರಿ?” ಎಂದೆ.

“ಆಯ್ತಣ್ಣ, ಬರ್ಕೊಂಡೆ ಅಂದೆ.”

ಗಾಜಿನಾಚೆ ಯಂತ್ರಗಳು ಗುಂಯ್‌ಗುಟ್ಟುತ್ತಿದ್ದವು. ಚಿತ್ರದ ಕೆಳಗೆ ಅಕ್ಕ, ‘ಅಳತೆ ಮಾಡಿದವರ ಸ್ವಂತ ಕೈಬರಹ. ಖಾಲಿ ಜಾಗ ಅವರದೇ’ ಎಂದು ಬರೆದಿದ್ದರು. ಓದಿ ನೋಡುವವನಾಗಿ, ಅಂದ್ರೇನು ಎಂದು ಕೇಳುವ ಹಕ್ಕು ಆ ಹೊತ್ತಿನಲ್ಲಿ ನನಗಿತ್ತು. ನಾನು ಸಹಿ ಹಾಕಿದೆ.